ಶಂಕ್ರಮ್ಮನ ಸೋಮವಾರ

ಶಂಕ್ರಮ್ಮ ಸೋಮವಾರ ಹೊತ್ತು ಮುಳುಗುವವರೆಗೆ ಮಾತಾಡುವುದಿಲ್ಲ. ಮಗಳು ಕಾಮಾಲೆಯಿಂದ ಎದ್ದಾಗ ಹಿಡಿದ ವ್ರತ, ಹನ್ನೊಂದು ವರ್ಷವಾಯಿತು. ಯಾದಗಿರಿ ಕಡೆಯ ಅವಳ ಊರಲ್ಲಿ ಇಂಥದ್ದನ್ನು ಯಾರೂ ವಿಚಿತ್ರವೆಂದು ತಿರುಗಿ ನೋಡುವುದಿಲ್ಲ. ದುಡಿಯಲು ಬಂದ ತೆಲುಗು ಸೀಮೆಯ ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯಲ್ಲೂ ಕೈಸನ್ನೆಯಲ್ಲೇ ಪ್ಯಾಕಿಂಗ್ ಕೆಲಸ ನಡೆದಿತ್ತು, ಹೊಸ ಸೂಪರ್‌ವೈಜರ್ ಬರುವತನಕ. ಅವನು ಮೂರು ಸಲ ಹೆಸರು ಕೇಳಿದ. ಉತ್ತರ ಬರಲಿಲ್ಲ. ತಲೆ ಸರಿಯಿದೆಯೆಂದು ಬರೆಸಿಕೊಂಡು ಬರುವವರೆಗೆ ಇವಳನ್ನು ಒಳಗೆ ಬಿಡಬೇಡಿ ಎಂದು ಗೇಟಿನಲ್ಲಿ ಹೇಳಿಬಿಟ್ಟ.

ಕೆಲಸ ಉಳಿಯಬೇಕಾದರೆ ಆ ಕಾಗದ ಬೇಕು. ಕಾಗದ ಕೊಡುವ ಮನಶ್ಶಾಸ್ತ್ರಜ್ಞೆ ಹರ್ಷದಾ ದವಾಖಾನೆಗೆ ಬರುವುದು ಸೋಮವಾರ ಮಾತ್ರ, ಅದೂ ಮಧ್ಯಾಹ್ನ ಒಂದರವರೆಗೆ.

ಜೊತೆಗೆ ಬಂದ ಪಕ್ಕದ ಮನೆಯ ಸುಗಲಮ್ಮ ಎಲ್ಲ ವಿವರಿಸಿದಳು. "ಆರು ದಿನ ಮಾತಿನಾಗ ಓಣಿ ಎತ್ತಿ ಇಡ್ತಾಳ್ರಿ. ಸೋಮವಾರ ನಮಗೂ ಸೂಟಿ."

ಹರ್ಷದಾ ನಕ್ಕಳು. ಅವಳ ಮನೆಮಾತೂ ಕನ್ನಡವೇ. "ನಾಕ್ ಮಂದಿ ಹಂಗ ಇಲ್ಲಂದ ಮಾತ್ರಕ್ಕ ತಲಿ ಕೆಟ್ಟೈತಿ ಅನ್ನಾಕ ಬರಂಗಿಲ್ಲ. ಇವರ ಮಂದಿಯೊಳಗ ಇದು ನಡಿತೈತೇನು, ಕೆಲಸ ಕೆಡತೈತೇನು, ಯಾರಿಗರ ಅಪಾಯ ಐತೇನು, ಇದೆಲ್ಲ ನೋಡ್ಬೇಕು."

"ಕಾರ್ಖಾನ್ಯಾಗ ಕೆಮಿಕಲ್ ಡ್ರಮ್ ಸೋರಿದಾಗ ತಗಡು ಬಡದು ಎಲ್ಲಾರನ್ನೂ ಹೊರಗ ಹಾಕಿದಾಕಿ ಈಕೀನ ರೀ. ಅವತ್ತೂ ಸೋಮವಾರನ."

"ಹಂಗಾರ ಒಂದ ಉಳೀತು. ಇದರಿಂದ ಆಕಿಗೆ ತ್ರಾಸ ಐತೋ ಇಲ್ಲೋ?"

"ಇಲ್ರಿ."

"ನಿಮ್ಮನ್ನ ಕೇಳಿಲ್ರಿ," ಎಂದು ಹರ್ಷದಾ ಶಂಕ್ರಮ್ಮನತ್ತ ತಿರುಗಿದಳು.

ಶಂಕ್ರಮ್ಮ ಕಂಗೆಟ್ಟಳು. ತ್ರಾಸವಿತ್ತು. ಎಂಟು ದಿನ ಗೇಟಿನ ಹೊರಗೆ ನಿಂತು ಎದೆ ಉರಿಯುತ್ತಿತ್ತು. ಹೌದೆಂದರೆ ರೋಗವೆಂದು ಬರೆಯುತ್ತಾರೆ. ಇಲ್ಲವೆಂದರೆ ಸುಳ್ಳಾಗುತ್ತದೆ, ಅದೂ ವ್ರತದ ದಿನ. ಅವಳು ಬಾಯಿ ತೋರಿಸಿ ಇದರಿಂದಲ್ಲವೆಂದು ಕೈಯಾಡಿಸಿದಳು, ಎದೆ ಮುಟ್ಟಿಕೊಂಡಳು, ಗೇಟಿನಿಂದ ಎನ್ನುವಂತೆ ಬಾಗಿಲತ್ತ ಬೆರಳು ಮಾಡಿದಳು.

"ಅಂದ್ರ ತ್ರಾಸ ಐತಿ," ಎಂದು ಹರ್ಷದಾ ಪೆನ್ನು ಊರಿದಳು.

"ಬರೀಬ್ಯಾಡ್ರಿ," ಎಂದಳು ಶಂಕ್ರಮ್ಮ. "ಸುಮ್ಮ ಇರೋದರಿಂದ ನನಗ ಏನೂ ತ್ರಾಸಿಲ್ಲ. ಸುಮ್ಮ ಯಾಕಿದ್ದೀನಿ ಅಂತ ಎಲ್ಲಾರಿಗೂ ತಿಳಿಸಿ ಹೇಳಿ ಸಾಕಾಗೇತಿ."

ಸುಗಲಮ್ಮ ಗೋಡೆಯ ಗಡಿಯಾರ ನೋಡಿದಳು. ಹನ್ನೊಂದೂವರೆ.

ರೋಗವಿಲ್ಲವೆಂಬ ಕಾಗದ ಸಿಕ್ಕಿತು. ಬಸ್ಸಿನಲ್ಲಿ ಸುಗಲಮ್ಮ ಮೆಲ್ಲಗೆ, "ದೇವರಿಗೆ ತಿಳಿಯಂಗಿಲ್ಲೇನು, ಬಿಡು," ಎಂದಳು. ಶಂಕ್ರಮ್ಮ ಕಾಗದವನ್ನು ಇನ್ನೊಂದು ಮಡಿಕೆ ಮಡಚಿದಳು. ಕಂಡಕ್ಟರ್ ಬಂದು ಎಲ್ಲಿಗೆ ಎಂದು ತೆಲುಗಿನಲ್ಲಿ ಕೇಳಿದ. ಪ್ರತಿ ಸೋಮವಾರದ ರೂಢಿಯಂತೆ ಅವಳ ಪರವಾಗಿ ಹೇಳಲು ಸುಗಲಮ್ಮ ಬಾಯಿ ತೆರೆದಳು.

"ಪಟಾನ್‌ಚೆರು," ಎಂದು ಶಂಕ್ರಮ್ಮ ತಾನೇ ಸಿಡುಕಿದಳು.