ಗಾಡಿಯ ಹಿಂದಿನ ಎರಡು ಬ್ಯಾಟರಿಗಳು

ಓಡುವ ಗಾಡಿಗಿಂತ ನಿಂತ ಗಾಡಿಗೇ ಹೆಚ್ಚು ಆರೈಕೆ ಬೇಕು. ಸೈನ್ಯದ ವಾಹನ ವಿಭಾಗದಲ್ಲಿ ನಾನು ಕಲಿತದ್ದು ಇದನ್ನೇ.

ನಿವೃತ್ತನಾಗಿ ನವಲಗುಂದ ತಾಲ್ಲೂಕಿನ ನಮ್ಮ ಊರಿಗೆ ಬಂದ ಮೇಲೆ ಹಳೆಯ ಟೆಂಪೊ ಒಂದನ್ನು ಕೊಂಡು, ಒಳಗೆ ಮಂಚ, ಒಲೆ, ಫ್ಯಾನು ಕೂಡಿಸಿದೆ. ಫ್ಯಾನು, ದೀಪಗಳಿಗಾಗಿ ಹಿಂಬದಿಯಲ್ಲಿ ಎರಡು ದೊಡ್ಡ ಬ್ಯಾಟರಿ. ನಾನೂ ನನ್ನ ಹೆಂಡತಿಯೂ ಆರು ವರ್ಷ ಅದರಲ್ಲಿ ತಿರುಗಿದೆವು. ಆಮೇಲೆ ಅವಳ ಮೂತ್ರಪಿಂಡಗಳು ಕೈಕೊಟ್ಟವು. ಮಂಗಳವಾರ, ಶುಕ್ರವಾರ ಹುಬ್ಬಳ್ಳಿಯಲ್ಲಿ ಡಯಾಲಿಸಿಸ್. ಗಾಡಿ ತಗಡಿನ ಶೆಡ್ಡು ಸೇರಿತು.

ಪ್ರತಿ ಸೋಮವಾರ ಬೆಳಿಗ್ಗೆ ಆರಕ್ಕೆ ನಾನು ಶೆಡ್ಡಿನಲ್ಲಿರುತ್ತಿದ್ದೆ. ಚಾರ್ಜು ಇಳಿಯದಿರಲೆಂದು ಬ್ಯಾಟರಿಗಳ ಮೈನಸ್ ತಂತಿ ಬಿಚ್ಚಿಯೇ ಇಟ್ಟಿದ್ದೆ. ತಿಂಗಳಿಗೊಮ್ಮೆ ಎಂಟು ತಾಸು ಚಾರ್ಜು. ಚಾರ್ಜು ಮುಗಿದ ಮೇಲೆಯೇ ಬ್ಯಾಟರಿ ನೀರು. ಮೊದಲೇ ತುಂಬಿದರೆ ಆಸಿಡ್ಡು ಉಕ್ಕುತ್ತದೆ. ದಿನಾ ಬೆಳಿಗ್ಗೆ ಹೆಂಡತಿಯ ಕುಡಿಯುವ ನೀರನ್ನೂ ನಾನೇ ಅಳೆದಿಡುತ್ತಿದ್ದೆ. ವೈದ್ಯರು ಹೇಳಿದ್ದು ದಿನಕ್ಕೆ ಮುಕ್ಕಾಲು ಲೀಟರ್.

"ಬ್ಯಾಟರಿಗೆ ಕಂಠಮಟ ಕುಡಸ್ತೀರಿ, ನನಗ ಗುಟುಕ ಎಣಸ್ತೀರಿ," ಎನ್ನುತ್ತಿದ್ದಳು.

"ಅದು ಕದ್ದು ಉಪ್ಪಿನಕಾಯಿ ತಿನ್ನೂದಿಲ್ಲ."

ಬೇಸಿಗೆಯಲ್ಲಿ ಒಂದು ದಿನ ಅವಳು, "ಅಳ್ನಾವರದಾಚೆ ಅಡವ್ಯಾಗ ಗಾಡಿ ನಿಲ್ಲಸ್ತಿದ್ವಲ್ರಿ, ಅಲ್ಲಿ ಇನ್ನೊಂದ ರಾತ್ರಿ ಮಲಗಬೇಕು," ಎಂದಳು. ಬುಧವಾರ ಹೋಗಿ ಗುರುವಾರ ಬನ್ನಿ, ಆದರೆ ಸೆಕೆಯಲ್ಲಿ ಮಲಗಿಸಬೇಡಿ, ಬಾಯಾರಿಕೆ ತಡೆಯಲಾರರು ಎಂದರು ವೈದ್ಯರು. ಅಂದರೆ ರಾತ್ರಿಯಿಡೀ ಫ್ಯಾನು ತಿರುಗಬೇಕು.

ಇನ್ನೂ ಹತ್ತು ದಿನವಿತ್ತು. ಅಂದೇ ಚಾರ್ಜರ್ ಹಚ್ಚಿದೆ. ತಾನಾಗಿ ನಿಲ್ಲುವ ಚಾರ್ಜರ್ ಅಲ್ಲ ಅದು. ನಮ್ಮಲ್ಲಿ ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು. ಒಂದಿಷ್ಟೂ ಕೊರತೆಯಾಗಬಾರದೆಂದು ಎಂಟು ತಾಸಿನ ನಿಯಮವನ್ನು ಮುರಿದು ಹಾಗೆಯೇ ಬಿಟ್ಟೆ. ದಿನಾ ಹೋಗಿ ಚಾರ್ಜರಿನ ಕೆಂಪು ದೀಪ ಉರಿಯುತ್ತಿರುವುದನ್ನು ನೋಡಿ ಬರುತ್ತಿದ್ದೆ. ಬ್ಯಾಟರಿಯ ಮುಚ್ಚಳ ಮಾತ್ರ ತೆರೆಯಲಿಲ್ಲ. ಚಾರ್ಜು ಮುಗಿಯದೆ ನೀರು ಹಾಕಬಾರದಲ್ಲ! ಶೆಡ್ಡಿನಲ್ಲಿ ಹುಳಿ ವಾಸನೆ ಅಡರಿತ್ತು. ಗಾಳಿಯಾಡಲೆಂದು ಬಾಗಿಲು ತೆರೆದಿಟ್ಟೆನೇ ಹೊರತು ಏಕೆಂದು ಯೋಚಿಸಲಿಲ್ಲ.

ಮಂಗಳವಾರ ಆಸ್ಪತ್ರೆಯಿಂದ ಬಂದವಳು ದಣಿವಿನಲ್ಲೂ ಎರಡು ಚಾದರ ಮಡಚಿ ಗಾಡಿಯಲ್ಲಿಟ್ಟಳು. ನಾನು ತಂತಿ ಜೋಡಿಸಿ ಗುಂಡಿ ಒತ್ತಿದೆ. ಫ್ಯಾನು ಎರಡು ಸುತ್ತು ತಿರುಗಿ ನಿಂತಿತು.

ಬುಧವಾರ ಬೆಳಿಗ್ಗೆ ನವಲಗುಂದದ ಬ್ಯಾಟರಿ ಅಂಗಡಿಯವನು ಬಂದು ಮುಚ್ಚಳ ತೆಗೆದು ಟಾರ್ಚು ಬಿಟ್ಟ.

"ಕಾಕಾ, ಚಾರ್ಜರ್ ಎಷ್ಟ ದಿನ ಹಚ್ಚಿದ್ರಿ?"

"ಹತ್ತು. ಕರೆಂಟ್ ಹೋಗ್ತಾವಲ್ಲಪಾ."

"ಹೋಗಿದ್ರ ಉಳೀತಿದ್ವು. ಈ ಸಲ ಹೋಗೇ ಇಲ್ರಿ. ನೀರೆಲ್ಲಾ ಕುದ್ದ ಆರ್‍ಯಾವ, ಪ್ಲೇಟ್ ಸುಟ್ಟಾವ. ನಿಮ್ಮ ಕೈಯಾಗ ಹಿಂಗಾತಂದ್ರ ಯಾರೂ ನಂಬೂದಿಲ್ಲ ಬಿಡ್ರಿ."

ಅಷ್ಟು ದೊಡ್ಡ ಬ್ಯಾಟರಿ ಅಂಗಡಿಯಲ್ಲಿರಲಿಲ್ಲ. ತರಿಸಲು ಎರಡು ದಿನ ಬೇಕೆಂದ. ತರಿಸೆಂದೆ. ನಾನು ತಲೆತಗ್ಗಿಸಿ ನಿಂತಿದ್ದನ್ನು ನೋಡಿ ಹೆಂಡತಿಯೇ, "ಮುಂದಿನ ಬುಧವಾರ ಹೋಗೂಣು. ಅಡವಿ ಏನ ಓಡಿ ಹೋಗ್ತೈತೇನ?" ಎಂದಳು.

ಶುಕ್ರವಾರ ಡಯಾಲಿಸಿಸ್ ನಡೆದಿರುವಾಗಲೇ ಅವಳ ರಕ್ತದೊತ್ತಡ ಕುಸಿಯಿತು. ಇನ್ನು ವಾರಕ್ಕೆ ಮೂರು ಸಲ ಬರಬೇಕು, ಆಸ್ಪತ್ರೆ ಬಿಟ್ಟು ದೂರ ರಾತ್ರಿ ಕಳೆಯುವಂತಿಲ್ಲ ಎಂದರು ವೈದ್ಯರು. ಒಂದೇ ಒಂದು ರಾತ್ರಿ ಎಂದು ಕೇಳಿದೆ. ಅವರು ನನ್ನ ಮುಖ ನೋಡದೆ ಇಲ್ಲವೆಂದು ತಲೆಯಾಡಿಸಿದರು.

ಮರಳುವ ಬಸ್ಸಿನಲ್ಲಿ ಫೋನು ಬಂತು.

"ಕಾಕಾ, ಬ್ಯಾಟರಿ ಬಂದಾವ್ರಿ. ನಾಳೆ ಬಂದ ಹಚ್ಚಲೇನ್ರಿ?"

ಅವಳಿಗೂ ಕೇಳಿಸಿತು. "ಬ್ಯಾಡಂತ ಹೇಳ್ರಿ," ಎಂದಳು.

"ಹಚ್ಚಿಸಿ ಇಡ್ತೀನಿ. ಇರ್ಲಿ."

"ಯಾರಿಗೆ?"

ಅಂಗಡಿಯವನು ಹಲೋ ಹಲೋ ಎನ್ನುತ್ತಿದ್ದ. ಅವನಿಗೆ ಬೇಡವೆಂದೆ. ಅವಳು ಸೆರಗು ಹೊದ್ದು ಕಿಟಕಿಗೆ ತಲೆಯಾನಿಸಿದಳು.