ಸಿಂಥಿಯಾ ಟೀಚರ್ ಕೇಳಿಸಿಕೊಂಡ ಲೆಕ್ಕ

ನಾವು ಬಜಪೆಯಿಂದ ಕಾಟಿಪಳ್ಳಕ್ಕೆ ಬಂದು ಹೆಚ್ಚು ಸಮಯವಾಗಿರಲಿಲ್ಲ. ಸಿಂಥಿಯಾ ಟೀಚರ ಹೆಸರನ್ನು ಮೊದಲು ಕೇಳಿದ್ದು ನೆರೆಮನೆಯ ಬೀಫಾತಿಮ್ಮನ ಬಾಯಿಂದ. ಅದರ ಹಿಂದಿನ ದಿನ ಇಂಗ್ಲಿಷ್ ಶಾಲೆಯೊಂದರಲ್ಲಿ ನನ್ನ ಮೊಮ್ಮಗಳು ಮೋಕ್ಷಾಳನ್ನು ಸೇರಿಸಿಕೊಂಡಿರಲಿಲ್ಲ. ಮೇಜಿನ ಮೇಲೆ ಗೋಲಿ ಇಟ್ಟು ಎಣಿಸು ಎಂದರೆ ನಾಲ್ಕು ತುಂಬಿದ ಮಗು ಬಾಯಿಯೇ ಬಿಡಲಿಲ್ಲವಂತೆ. ಸೊಸೆ ನಳಿನಾಕ್ಷಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ಅಳುತ್ತಿದ್ದಳು.

"ಕಂಕನಾಡಿಯಲ್ಲಿ ಡಾಕ್ಟರಿಗೆ ತೋರಿಸುವ ಮಾಮಿ. ಇವಳ ತಲೆಯಲ್ಲಿ ಎಂತದೋ ತೊಂದರೆ ಉಂಟು."

"ಡಾಕ್ಟರ್ ಎಲ್ಲಿಗೂ ಓಡಿಹೋಗುವುದಿಲ್ಲ," ಎಂದಳು ಬೀಫಾತಿಮ್ಮ ಬೇಲಿಯಾಚೆಯಿಂದ. "ಮೊದಲು ಅಂಗನವಾಡಿಗೆ ಕಳಿಸಿ. ಅಲ್ಲಿ ಸಿಂಥಿಯಾ ಟೀಚರ್ ಇದ್ದಾರೆ. ನಮ್ಮ ಹುಡುಗ ಅರಾಫತ್ ಅಲ್ಲಿಗೆ ಹೋದ ಮೇಲೆ ಮೀನಿನ ತುಂಡು ಎಣಿಸಿಯೇ ಊಟಕ್ಕೆ ಕೂರುವುದು. ನನಗೆ ಒಂದು ತುಂಡು ಕದಿಯಲಿಕ್ಕಾಗುವುದಿಲ್ಲ."

ಟೀಚರ್ ಗಿಡ್ಡ ಹೆಂಗಸು, ಮಾತು ಮೆಲ್ಲಗೆ. ಮಕ್ಕಳಿಂದ ಚಪ್ಪಲಿ ಜೋಡಿಸುವುದು, ಬಟ್ಟಲು ಹಂಚಿಸುವುದು, ಬೇಯಿಸಿದ ಮೊಟ್ಟೆ ಎಲ್ಲರಿಗೂ ಸಾಲುತ್ತದಾ ಎಂದು ನೋಡಿಸುವುದು, ಅದೇ ಅವರ ಲೆಕ್ಕದ ಪಾಠ. ತಪ್ಪಿದರೆ ಬೈಯುತ್ತಿರಲಿಲ್ಲ. "ಒಬ್ಬನಿಗೆ ಮೊಟ್ಟೆ ಸಿಗಲಿಲ್ಲ ಮಾರಾಯ, ಅವನು ಎಂತ ತಿನ್ನುವುದು?" ಎಂದು ಕೇಳುತ್ತಿದ್ದರು.

ಸೇರಿಸಿದ ಮೇಲೆ ಮೋಕ್ಷಾ ಅಲ್ಲಿಯೂ ಬಾಯಿ ಬಿಡಲಿಲ್ಲ. ಸೊಸೆ ಡಾಕ್ಟರ ಬಳಿ ಹೋಗುವ ದಿನವನ್ನೂ ಗೊತ್ತುಮಾಡಿದಳು. ಅಷ್ಟರಲ್ಲಿ ಒಂದು ಸಂಜೆ ಟೀಚರ್ ನಮ್ಮ ಜಗಲಿಗೆ ಬಂದರು.

"ಅಮ್ಮ, ನಿಮ್ಮ ಮನೆಯಲ್ಲಿ ಅಕ್ಕಿ ಅಳೆಯುವುದು ಯಾರು?"

"ನಾನೇ. ಯಾಕೆ ಟೀಚರೇ?"

"ಹೇಗೆ ಎಣಿಸ್ತೀರಿ, ಸ್ವಲ್ಪ ಹೇಳಿ."

"ಲಾಭ, ರಡ್ಡ್, ಮೂಜಿ..." ತುಳುವಿನಲ್ಲಿಯೇ ಎಣಿಸಿದೆ.

ನಾನು ಗದ್ದೆಯ ಮನೆಯಲ್ಲಿ ಬೆಳೆದವಳು. ಅಳೆಯುವಾಗ ಮೊದಲ ಪಾವಿಗೆ ನಾವು ಒಂದು ಎನ್ನುವುದಿಲ್ಲ; ಮನೆ ತುಂಬಿರಲಿ ಎಂದು ಲಾಭ ಎನ್ನುತ್ತೇವೆ. ಗದ್ದೆ ಹೋದರೂ ಆ ಮಾತು ಹೋಗಿರಲಿಲ್ಲ. ಮೋಕ್ಷಾ ದಿನಾ ನನ್ನ ಮೊಣಕಾಲಿಗೆ ಒರಗಿ ನೋಡುತ್ತಿದ್ದಳು.

ಟೀಚರ್ ನಕ್ಕರು. "ಇವತ್ತು ಬಟ್ಟಲು ಹಂಚುವಾಗ ನಿಮ್ಮ ಪುಳ್ಳಿ ಮೋಕ್ಷಾಳ ಬಾಯಿಗೆ ಕಿವಿ ಕೊಟ್ಟೆ. ಲಾಭ ಅಂತ ಪಿಸುಗುಟ್ಟಿ ಶುರು ಮಾಡಿದಳು, ಕೊನೆಯ ಮಗುವಿನ ತನಕ ಸರಿಯಾಗಿ ಹೋದಳು. ಎಲ್ಲರೂ ಒಂದು ಹೇಳು, ಒಂದು ಹೇಳು ಅಂದರೆ ಪಾಪ, ಅವಳ ಲೆಕ್ಕದಲ್ಲಿ ಆ ಒಂದೇ ಇಲ್ಲ."

ನಳಿನಾಕ್ಷಿ ಬಾಗಿಲು ಹಿಡಿದು ನಿಂತಿದ್ದಳು. "ಹಾಗಾದರೆ ತಲೆಗೆ ಎಂತದೂ ಇಲ್ಲವಾ?"

"ತಲೆ ಸರಿ ಉಂಟು. ಅಜ್ಜಿಯದ್ದೇ ತಲೆ."

"ಅದೇ ನನಗೆ ಹೆದರಿಕೆ," ಎಂದಳು ಸೊಸೆ, ಕಣ್ಣು ಒರೆಸಿಕೊಂಡು ನಗುತ್ತ. ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಮೋಕ್ಷಾ ಈಗ ಒಂದನೇ ಕ್ಲಾಸು. ಶಾಲೆಯಲ್ಲಿ ಒಂದು ಎನ್ನುತ್ತಾಳೆ, ಅಕ್ಕಿಗೆ ಮಾತ್ರ ಲಾಭ. ಟೀಚರಿಗೆ ಈ ವರ್ಷ ನಿವೃತ್ತಿಯಾಯಿತು. ಹೇಳಿ ಹೋಗಲು ಬಂದವರು ಚಾ ಕುಡಿದು, ಚಪ್ಪಲಿ ಮೆಟ್ಟಿದ ಮೇಲೆ ಮತ್ತೆ ತಿರುಗಿದರು.

"ಅಮ್ಮ, ಹೊಸ ಟೀಚರ್ ಸಣ್ಣ ಹುಡುಗಿ. ಅಂಗನವಾಡಿಯಲ್ಲಿ ಅಕ್ಕಿ ಅಳೆಯುವ ಹೊತ್ತಿಗೆ ನೀವು ಹೋಗಿ ಮಕ್ಕಳ ಹತ್ತಿರ ಕೂತು ಗಟ್ಟಿಯಾಗಿ ಎಣಿಸಿ. ಇನ್ನೊಂದು ಮಗು ಹೀಗೆ ಬಾಯಿ ಮುಚ್ಚಿ ಕೂತರೆ ಅವಳಿಗೂ ಗೊತ್ತಾಗಬೇಕಲ್ಲ. ಲಾಭದಿಂದಲೇ ಶುರು ಮಾಡಿ, ಆಯ್ತಾ?"