ಮುರಾತಾ-ಸಾನ್ ಕೊಟ್ಟ ಔಟ್

ಹೋದ ವಾರ ನಾನೊಬ್ಬ ಅಂಪೈರ್‌ನ ಕೆಲಸ ತೆಗೆದೆ. ಇಪ್ಪತ್ತೊಂದು ವರ್ಷದ ಕೆಲಸ. ಒಂದೇ ಮಾತಿನಲ್ಲಿ.

ಜಪಾನಿನ ಕಾವಾಸಾಕಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಯವರು ಮುರಾತಾ-ಸಾನ್. ಪ್ರೊಫೆಷನಲ್ ಬೇಸ್‌ಬಾಲ್ ಅಂಪೈರ್. ಹನ್ನೆರಡು ವರ್ಷ ಖಾಲಿ ಸ್ಟೇಡಿಯಮ್ಮುಗಳಲ್ಲಿ ಎರಡನೇ ದರ್ಜೆಯ ಮ್ಯಾಚ್ ನಡೆಸಿ, ಆಮೇಲೆ ದೊಡ್ಡ ಲೀಗ್‌ಗೆ ಬಂದವರು. ಕಾಂಟ್ರ್ಯಾಕ್ಟ್ ಒಂದೊಂದೇ ವರ್ಷದ್ದು. ಪ್ರತಿ ಚಳಿಗಾಲಕ್ಕೂ ಹೊಸ ಸಹಿ. (ಲಿಫ್ಟಿನಲ್ಲಿ ಯಾರಿಗೂ ತಾಗದೆಯೇ 'ಸುಮಿಮಾಸೆನ್', ಕ್ಷಮಿಸಿ, ಎನ್ನುವ ಮನುಷ್ಯ. ಮೈದಾನದಲ್ಲಿ ಮಾತ್ರ ಆ ಪದ ಆಡುವಂತಿಲ್ಲ.)

ಅಕ್ಟೋಬರಿನಲ್ಲಿ, ನಮ್ಮ ಸಾಫ್ಟ್‌ವೇರ್ ಆಫೀಸಿನ ವೈಟುಕೆ ಟೆಸ್ಟಿಂಗ್ ಗದ್ದಲದ ನಡುವೆಯೇ ನಾನೂ ಸಹೋದ್ಯೋಗಿ ಗಿರೀಶನೂ ಅವರ ಮ್ಯಾಚಿಗೆ ಹೋಗಿದ್ದೆವು. ಕೊನೆಯ ಇನ್ನಿಂಗ್ಸ್. ಓಡಿದವನ ಕಾಲು ಮೊದಲು ಬೇಸ್ ಮುಟ್ಟಿತೋ, ಚೆಂಡು ಮೊದಲು ಬಂತೋ? ನಮ್ಮ ರನ್ ಔಟ್ ಇದ್ದ ಹಾಗೆ. ಮುರಾತಾ-ಸಾನ್ ಮುಷ್ಟಿ ಎತ್ತಿದರು: ಔಟ್! ಆಟ ಮುಗಿಯಿತು. ಒಂದು ತಂಡದ ಇಡೀ ಸೀಸನ್ನೂ ಮುಗಿಯಿತು. ಮೈದಾನದ ತುಂಬ ಸಿಟ್ಟಿಗೆದ್ದ ಅಭಿಮಾನಿಗಳು ಎಸೆದ ಪ್ಲಾಸ್ಟಿಕ್ ಮೆಗಾಫೋನ್ ಬಿದ್ದವು. ಟಿವಿ ರಿಪ್ಲೇ ನೋಡಿದರೆ ಯಾವನದೋ ಬೆನ್ನು ಅಡ್ಡ.

ಹೋದ ವಾರ ಮುರಾತಾ-ಸಾನ್ ಚಹಾಕ್ಕೆ ಕರೆದು ಕೇಳಿದರು. "ರಾವ್-ಸಾನ್, ಅವತ್ತು ನೀವು ಆ ಬೇಸಿನ ಬದಿಯಲ್ಲೇ ಕೂತಿದ್ದಿರಂತೆ. ದಾಕ್ಷಿಣ್ಯ ಬೇಡ. ಏನು ನೋಡಿದಿರಿ?"

"ಸೇಫ್," ಅಂದೆ. "ಕಾಲೇ ಮೊದಲು ಮುಟ್ಟಿದ್ದು. ಧೂಳು ಎದ್ದಿದ್ದೂ ಕಣ್ಣಿಗೆ ಕಟ್ಟಿದ ಹಾಗಿದೆ."

ಅವರು ತಲೆಬಾಗಿಸಿ ಅರಿಗಾತೋ ಎಂದು ಧನ್ಯವಾದ ಹೇಳಿದರು. ಮೂರು ದಿನದ ಮೇಲೆ ಅವರ ಹೆಂಡತಿ ಮೆಟ್ಟಿಲ ಬಳಿ ಸಿಕ್ಕರು. "ಇವರು ಈ ಸಲ ಸಹಿ ಹಾಕಲಿಲ್ಲ."

ಬೇಜಾರಾಯಿತು. ಆದರೂ (ನಾಚಿಕೆಯಾಗುತ್ತದೆ) ಸತ್ಯ ಹೇಳಿದೆನೆಂಬ ಹೆಮ್ಮೆ. ಅದನ್ನೇ ಈ ಅಂಕಣಕ್ಕೆ ಬರೆಯೋಣವೆಂದು ವಿವರಕ್ಕಾಗಿ ಡೈರಿ ತೆರೆದೆ.

'ಕೊನೇ ಇನ್ನಿಂಗ್ಸ್. ಸೋಬಾ ನೂಡಲ್ಸ್ ಕ್ಯೂನಲ್ಲಿದ್ದೆ. ಒಳಗಿಂದ ಗಲಾಟೆ. ಹೋಗುವಷ್ಟರಲ್ಲಿ ಮುಗಿದಿತ್ತು. ಸೇಫ್ ಅಂತೆ, ಗಿರೀಶ ಹೇಳಿದ.'

ಮತ್ತೊಮ್ಮೆ ಓದಿದೆ. ನನ್ನದೇ ಅಕ್ಷರ. ಹಾಗಾದರೆ ಆ ಧೂಳು? ಆ ಕಾಲು? ಅದನ್ನೆಲ್ಲ ನನ್ನ ತಲೆಯೊಳಗೆ ಇಟ್ಟವರು ಯಾರು?

ಗಿರೀಶನಿಗೆ ಫೋನ್ ಮಾಡಿದೆ. ಅವನಾದರೂ ನೋಡಿರಬೇಕಲ್ಲ?

"ನಾನಾ? ಮುಂದಿನೋರು ಎದ್ದು ನಿಂತಿದ್ರು ಗುರೂ, ಬರೀ ಬೆನ್ನು ಕಾಣ್ತಿತ್ತು. ಎಲ್ರೂ ಸೇಫ್ ಸೇಫ್ ಅಂತ ಕೂಗಿದ್ರಲ್ಲ, ನಾನೂ ಕೂಗ್ದೆ. ಯಾಕೆ, ಏನಾಯ್ತು?"

ಆಮೇಲೆ ಹೇಳ್ತೀನಿ ಅಂತ ಫೋನ್ ಇಟ್ಟೆ.

ಎದುರು ಮನೆಯ ಬಾಗಿಲು ತಟ್ಟಿ, ಡೈರಿ ಹಿಡಿದುಕೊಂಡೇ ಎಲ್ಲ ಹೇಳಿದೆ. ಎಷ್ಟು ಸಲ ಸುಮಿಮಾಸೆನ್ ಅಂದೆನೋ. "ಈಗಲೂ ಸಹಿ ಹಾಕಬಹುದಲ್ಲವೇ?" ಎಂದೂ ಕೇಳಿದೆ.

ಮುರಾತಾ-ಸಾನ್ ಕೋಪ ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ಚೆನ್ನಾಗಿತ್ತು.

"ನೀವು ಸೇಫ್ ಅಂದಿರೆಂದು ಬಿಟ್ಟಿದ್ದಲ್ಲ, ರಾವ್-ಸಾನ್. ನಿಮ್ಮನ್ನು ಕೇಳಿದೆನಲ್ಲ, ಅದಕ್ಕೆ ಬಿಟ್ಟೆ. ಪ್ರೇಕ್ಷಕರನ್ನು ಕೇಳಿದ ಮೇಲೆ ಅಂಪೈರ್ ಮೈದಾನಕ್ಕೆ ಇಳಿಯಬಾರದು."

ನನ್ನನ್ನು ಸಮಾಧಾನ ಮಾಡಲು ಹಾಗಂದರೋ, ನಿಜವೋ, ನನಗೆ ಗೊತ್ತಿಲ್ಲ. ಗೊತ್ತಿರುವುದು ಇಷ್ಟು: ಕಣ್ಣಾರೆ ನೋಡಿದವರು ಕೆಲಸ ಬಿಟ್ಟರು, ನೋಡದೆ ಸಾಕ್ಷಿ ಹೇಳಿದ ನಾನು ಸೋಮವಾರ ಎಂದಿನಂತೆ ಆಫೀಸಿಗೆ ಹೋದೆ.